ಬಲಗಡೆಯಿಂದ ಹತ್ತಿದ ಸವಾರ

ನಾಯಕರ ದಂಡಿನಲ್ಲಿ ಮಲ್ಲರಸನಂಥ ಸವಾರ ಇನ್ನೊಬ್ಬನಿರಲಿಲ್ಲ. ಧೂಳು ಏಳುವಷ್ಟರಲ್ಲಿ ಅವನ ಹೆಣ್ಣುಗುದುರೆ ಚಂದ್ರಿ ಮುಂದಿನ ಊರಲ್ಲಿರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ಓಟದ ಭರದಲ್ಲಿರುವಾಗ ಹೊಳೆಯ ದಂಡೆ ಕುಸಿಯಿತು. ಕುದುರೆ ಮಗುಚಿತು. ಮಲ್ಲರಸ ಅದರ ಅಡಿಗೆ ಸಿಕ್ಕ.

ಹತ್ತಿರದಲ್ಲಿದ್ದದ್ದು ಗುರುತಾಯಿ ಹೊನ್ನವ್ವನವರ ಆಶ್ರಮ. ಜೊತೆಯ ಸವಾರರು ಅವನನ್ನು ಹಲಗೆಯ ಮೇಲೆ ಮಲಗಿಸಿ ಅಲ್ಲಿಗೆ ಹೊತ್ತು ತಂದರು. ಮೂಳೆ ಕಟ್ಟುವವನು ಬಂದು ನೋಡಿ, “ಬದುಕಿದರೆ ಅವ್ವನವರ ಪುಣ್ಯ” ಎಂದ.

ಮಲ್ಲರಸ ಬದುಕಿದ. ಆದರೆ ಎಡಮಂಡಿ ಮಡಚದಂತಾಯಿತು. ಎಡಗಾಲು ಗಿಡ್ಡವಾಯಿತು. ಚಳಿ ಬಿದ್ದ ದಿನ ಸೊಂಟದೊಳಗೆ ಯಾರೋ ಮೊಳೆ ಹೊಡೆದಂತೆ ನೋವು. ದಂಡಿಗೆ ಮರಳಲಾರದೆ, ಹೊನ್ನವ್ವನವರ ಶಿಷ್ಯನಾಗಿ ಅಲ್ಲೇ ಉಳಿದುಕೊಂಡ.

ಒಂದು ದಿನ ಕೇಳಿದ: “ಅವ್ವಾ, ನಾನು ಮೊದಲಿನ ಹಾಗೆ ಆಗೋದು ಯಾವಾಗ?”

ಹೊನ್ನವ್ವ ಬೊಚ್ಚುಬಾಯಿ ತೆರೆದು ನಕ್ಕರು.

“ನಾನೂ ಕೇಳಿಕೊಳ್ತಾ ಇದ್ದೀನಪ್ಪ, ಮತ್ತೆ ಹುಡುಗಿ ಆಗೋದು ಯಾವಾಗ ಅಂತ. ನಿನಗೆ ಮೊದಲು ಗೊತ್ತಾದರೆ ನನಗೂ ಹೇಳು.”

ಮಲ್ಲರಸನಿಗೆ ನಗು ಬರಲಿಲ್ಲ.

ಸುಗ್ಗಿಯ ಹೊತ್ತಿಗೆ ದಂಡಿನವರು ಚಂದ್ರಿಯನ್ನು ಹಿಡಿದುಕೊಂಡು ಬಂದರು. ಅದರ ಗಾಯ ಮಾಯ್ದಿತ್ತು. ಹೆದರಿಕೆ ಮಾಯ್ದಿರಲಿಲ್ಲ.

“ಯಾರನ್ನೂ ಹತ್ತಿರ ಬಿಟ್ಟುಕೊಳ್ಳೋದಿಲ್ಲ ಅವ್ವಾ. ದಂಡಿಗೆ ಬೇಡವಾಗಿದೆ. ನಿಮ್ಮಲ್ಲೇ ಇರಲಿ” ಎಂದು ಹುಣಸೆಮರಕ್ಕೆ ಕಟ್ಟಿ ಹೋದರು.

ಅವರು ಹೋದ ಮೇಲೆ ಹೊನ್ನವ್ವ ಮಲ್ಲರಸನನ್ನು ಹುಡುಕಿದರು. ಅವನು ಅಡುಗೆಮನೆಯ ಮೂಲೆಯಲ್ಲಿ ಮೊರ ಹಿಡಿದು ಕೂತಿದ್ದ.

“ಏನು ಮಾಡ್ತಿದ್ದೀಯ?”

“ಅಕ್ಕಿ ಆರಿಸ್ತಿದ್ದೀನಿ ಅವ್ವಾ.”

“ಕಲ್ಲೆಲ್ಲ ಆಗಲೇ ಮುಗಿದವು. ಈಗ ಅಕ್ಕೀನೇ ಆರಿಸಿ ಎಸೀತಾ ಇದ್ದೀಯ.”

ಮಲ್ಲರಸ ಮೊರ ಕೆಳಗಿಟ್ಟ. “ಅದರ ಕೆನೆತ ಕೇಳಿದರೇ ಮೈಯೆಲ್ಲ ಬೆವರುತ್ತೆ. ಮತ್ತೆ ಅದರ ಅಡಿಗೆ ಬಿದ್ದ ಹಾಗಾಗುತ್ತೆ.”

ಹೊನ್ನವ್ವ ಹುರುಳಿಯ ಬುಟ್ಟಿಯನ್ನು ಅವನ ಕೈಗಿಟ್ಟು ಹೊರಗೆ ನಡೆದರು. ಅವನು ಕುಂಟುತ್ತ ಹಿಂದೆ ಹೋದ.

ಮರದ ಬಳಿ ಬಂದಾಗ ಬುಟ್ಟಿಯೊಳಗಿನ ಕಾಳು ಗಲಗಲ ಎನ್ನುತ್ತಿತ್ತು.

“ಅವ್ವಾ, ಕೈ ನಡುಗ್ತಾ ಇದೆ.”

“ಅದರ ಕಾಲು ನೋಡು. ಅದೂ ನಡುಗ್ತಾ ಇದೆ. ಹಾಗಾದರೆ ಇಲ್ಲಿ ಹೆದರಿಸ್ತಾ ಇರೋರು ಯಾರು?”

ಮಲ್ಲರಸ ಬುಟ್ಟಿಯನ್ನು ಮುಂದಕ್ಕೆ ಚಾಚಿದ. ಆಮೇಲೆ, ಹಿಂದೆಲ್ಲ ಕರೆಯುತ್ತಿದ್ದಂತೆ, ಮೆಲ್ಲಗೆ “ಬಾರೇ ಚಂದ್ರಿ” ಎಂದ.

ಕುದುರೆ ಕಿವಿ ನಿಮಿರಿಸಿತು. ಒಂದೊಂದೇ ಹೆಜ್ಜೆ ಇಟ್ಟು ಬಂದು, ಹುರುಳಿಯನ್ನು ಮೂಸಿಯೂ ನೋಡದೆ ಅವನ ಹೆಗಲಿಗೆ ಮೂತಿ ಒತ್ತಿತು. ಮಲ್ಲರಸ ಅದರ ಕೊರಳು ತಬ್ಬಿ ಮಗುವಿನಂತೆ ಅತ್ತ. ಬಿದ್ದ ಮೇಲೆ ಅವನು ಅತ್ತದ್ದು ಅದೇ ಮೊದಲು.

ಅಂದಿನಿಂದ ಮೇವು, ನೀರು, ಮೈ ತಿಕ್ಕುವುದು ಎಲ್ಲ ಅವನದೇ. ಹತ್ತುವುದೊಂದು ಮಾತ್ರ ಆಗಲಿಲ್ಲ. ಕುದುರೆ ತಕರಾರು ಮಾಡಲಿಲ್ಲ; ಹತ್ತುವಾಗ ಮೊದಲು ಮೇಲಿಡಬೇಕಾದ ಎಡಗಾಲೇ ಮಡಚದೆ, ಮೇಲಕ್ಕೆ ಏಳಲಿಲ್ಲ.

“ಬಲಗಾಲಿದೆಯಲ್ಲ” ಎಂದರು ಹೊನ್ನವ್ವ.

“ಸವಾರ ಆದವನು ಎಡಗಡೆಯಿಂದಲೇ ಹತ್ತಬೇಕು ಅವ್ವಾ. ಬಲಗಡೆಯಿಂದ ಹತ್ತಿದರೆ ದಂಡಿನವರು ನಗ್ತಾರೆ.”

“ಕುದುರೆ ನಗುತ್ತಾ?”

ಮರುದಿನ ಬೆಳಗ್ಗೆ ಅವನು ಮೆಟ್ಟಿ ಹತ್ತಲು ಒಂದು ದಪ್ಪ ದಿಂಡುಗಲ್ಲನ್ನು ಚಂದ್ರಿಯ ಬಲಮಗ್ಗುಲಿಗೆ ಉರುಳಿಸಿದ. ಅಭ್ಯಾಸವಿಲ್ಲದ ಕುದುರೆ ಗಿರಕಿ ಹೊಡೆಯಿತು. ಮಲ್ಲರಸ ಕಲ್ಲಿನಿಂದ ಜಾರಿ ಸಗಣಿಯಲ್ಲಿ ಕೂತ. ಆಶ್ರಮದವರೆಲ್ಲ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅವನೂ ನಕ್ಕ.

ಕುದುರೆ ಕಲಿಯಿತು, ಅವನೂ ಕಲಿತ. ಗಿಡ್ಡಗಾಲಿಗೆ ಜೀನಿನಿಂದ ಇಳಿಬಿದ್ದ, ಕಾಲಿಡುವ ಪಟ್ಟಿಯನ್ನೂ ಗಿಡ್ಡ ಮಾಡಿಕೊಂಡ. ಮೊದಲು ಹುಣಸೆಮರದ ಸುತ್ತ, ಆಮೇಲೆ ಹೊಳೆಯವರೆಗೆ, ನಡಿಗೆಯಲ್ಲೇ ಹೋಗಿ ಬಂದ.

ಒಂದು ದಿನ ಹಳೆಯ ಜೊತೆಗಾರರು ಆ ದಾರಿಯಲ್ಲಿ ಬಂದರು. ಅವನು ಹತ್ತುವುದನ್ನು ಕಂಡು ಅವರಲ್ಲೊಬ್ಬ ಕೂಗಿದ: “ಮಲ್ಲಣ್ಣಾ, ಇದು ಯಾವ ದೇಶದ ಪದ್ಧತಿಯೋ?”

“ಗಿಡ್ಡಗಾಲಿನವರ ದೇಶದ್ದು! ನೀನೂ ಒಂದು ಸಲ ಬಿದ್ದು ನೋಡು, ಒಳಗೆ ಬಿಟ್ಟುಕೊಳ್ತಾರೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರ ಜೊತೆಯಲ್ಲೇ ಮಲ್ಲರಸ ಹೊಳೆ ದಾಟಿ, ಆಚೆ ದಂಡೆಯ ಮೇಲೆ ಒಂದಿಷ್ಟು ದೂರ ಚಂದ್ರಿಯನ್ನು ಓಡಿಸಿಯೂ ಬಿಟ್ಟ.

ತಿರುಗಿ ಬಂದಾಗ ಮುಖ ಅರಳಿತ್ತು, ಸೊಂಟ ಉರಿಯುತ್ತಿತ್ತು. ಕೆಳಗಿಳಿಯದೆಯೇ ಹೊನ್ನವ್ವನವರಿಗೆ ಹೇಳಿದ:

“ಓಡಿಸಿದೆ ಅವ್ವಾ! ಆದರೆ ಸುಳ್ಳು ಹೇಳಲಾರೆ. ನೋವು ಹೋಗಿಲ್ಲ. ದಂಡೆ ಕಂಡರೆ ಭಯವೂ ಹೋಗಿಲ್ಲ. ಎರಡೂ ನನ್ನ ಜೊತೆಗೇ ಹತ್ತಿ ಕೂತಿದ್ದವು.”

ಹೊನ್ನವ್ವ ಕುದುರೆಯ ಬೆನ್ನು ತಟ್ಟಿದರು.

“ಕೂತಿರಲಿ ಬಿಡಪ್ಪ. ಲಗಾಮು ಮಾತ್ರ ಅವುಗಳ ಕೈಗೆ ಕೊಡಬೇಡ.”