ನೀರು ಕುಡಿದ ಗಿಟಾರ್

"ಗುರುಗಳೇ, ಸತ್ತವರು ಕರೆದರೆ ಓಗೊಡಬೇಕೆ?" ಎಂದು ಶಿಷ್ಯ ಕೇಳಿದ. ಅವನ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು:

ನದಿ ದಡದ ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾಲ್ಕು ದಪ್ಪ ತಂತಿ. ಕರೆಂಟು ಕೊಟ್ಟರೆ ಎದೆಯೊಳಗೆ ಗುಂ ಎನ್ನುವ ದನಿ. ಒಂದು ವರ್ಷ ನೆರೆ ಬಂತು. ಹೆಂಡತಿ ನೀರಿನಲ್ಲಿ ಹೋದಳು. ಎಂಟನೆಯ ದಿನ ಗಿಟಾರು ಕೆಸರಿನಲ್ಲಿ ಸಿಕ್ಕಿತು.

ದರ್ಜಿ ಅದನ್ನು ರಿಪೇರಿಯವನ ಹತ್ತಿರ ಒಯ್ದ. ರಿಪೇರಿಯವನು ಮೊದಲು ಅದನ್ನು ಒಳ್ಳೆಯ ನೀರಿನಲ್ಲಿ ತೊಳೆದ. ಕೆಸರು ಒಳಗೇ ಒಣಗಿದರೆ ಬಿಡಿಸಲಾಗದು. ವೈರುಗಳನ್ನೆಲ್ಲ ಬಿಚ್ಚಿದ. ಗಿಟಾರಿನ ಕತ್ತು ಬಾಗದಿರಲೆಂದು ತಂತಿಗಳನ್ನು ಮಾತ್ರ ಹಾಗೇ ಬಿಟ್ಟ.

"ಮನೆಯಲ್ಲಿ ನೆರಳಿಗಿಡು. ಬಿಸಿಲು ತೋರಿಸಬೇಡ. ಮರದಿಂದ ನೀರು ಇಳಿಯುವಾಗ ತಂತಿ ಎಳೆದು ಒಮ್ಮೊಮ್ಮೆ ದನಿ ಬರುತ್ತದೆ, ಹೆದರಬೇಡ. ದನಿ ನಿಂತ ಮೇಲೆ ತಾ. ವೈರು ಹಾಕಿ ನುಡಿಸಿಕೊಡುತ್ತೇನೆ," ಎಂದ.

ಮೂರನೆಯ ಸಂಜೆ ಗಿಟಾರು ಗುಂ ಎಂದಿತು. ಮುಟ್ಟಿದವರಿಲ್ಲ, ಕರೆಂಟಿಲ್ಲ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದ. "ಬಂದೆ ಕಣೇ," ಎಂದ.

ಅಂದಿನಿಂದ ದಿನವೂ ದೀಪ ಹಚ್ಚುವ ಹೊತ್ತಿಗೆ ದನಿ ಬರುತ್ತಿತ್ತು. ಅವನು ಎದುರು ಕೂತು ಊರ ಸುದ್ದಿ ಹೇಳುತ್ತಿದ್ದ. ಗಿರಾಕಿಗಳು ಬಂದರೆ ನಾಳೆ ಬನ್ನಿ ಎನ್ನುತ್ತಿದ್ದ.

ದಿನ ಕಳೆದಂತೆ ದನಿ ತೆಳುವಾಯಿತು. ಒಂದು ಸಂಜೆ ಬರಲೇ ಇಲ್ಲ. ದರ್ಜಿ ಕಾದ. ಆಮೇಲೆ ಒಂದು ಬಟ್ಟೆ ಒದ್ದೆ ಮಾಡಿ ಮರದ ಮೇಲೆ ಹಾಸಿದ. ಮಾರನೆಯ ಸಂಜೆ ದನಿ ಬಂತು.

ಅಲ್ಲಿಂದ ಮುಂದೆ ಆ ಬಟ್ಟೆಯನ್ನು ಅವನು ಆರಗೊಡಲಿಲ್ಲ.

ಐದು ತಿಂಗಳಾದ ಮೇಲೆ ರಿಪೇರಿಯವನು ತಾನೇ ನೋಡಲು ಬಂದ. ಮರ ಮುಟ್ಟಿ ನಕ್ಕ. "ಏನಯ್ಯಾ, ಒಳಗೆ ಮೀನು ಸಾಕಿದ್ದೀಯಾ?" ಅಷ್ಟರಲ್ಲಿ ಒದ್ದೆ ಬಟ್ಟೆ ಕಣ್ಣಿಗೆ ಬಿತ್ತು. ನಗು ನಿಂತಿತು. "ಕೊಳೆಯುತ್ತದಲ್ಲೋ ಇದು! ಆಮೇಲೆ ಯಾರಿಂದಲೂ ನುಡಿಸಲಾಗುವುದಿಲ್ಲ."

"ಒಣಗಿದರೆ ಅವಳು ಮಾತಾಡುವುದಿಲ್ಲ," ಎಂದ ದರ್ಜಿ.

ರಿಪೇರಿಯವನು ಗಿಟಾರನ್ನು ಎತ್ತಿದ. ಕತ್ತು ಮಾತ್ರ ಕೈಗೆ ಬಂತು. ಒಡಲು ನೆಲಕ್ಕೆ ಬಿದ್ದು ನೆನೆದ ರೊಟ್ಟಿಯಂತೆ ಹರಿದು ಚೂರಾಯಿತು. ಅವನು ತುಂಡುಗಳನ್ನು ಮೂಲೆಗಿಟ್ಟು ಹೊರಟುಹೋದ.

ಆ ಸಂಜೆಯೂ ದೀಪ ಹಚ್ಚುವ ಹೊತ್ತಿಗೆ ದನಿ ಬಂತು. ಮೂಲೆಯಿಂದ ಅಲ್ಲ. ಬಾಗಿಲ ಹತ್ತಿರ, ಒಳಗಡೆಯಿಂದ.

ದರ್ಜಿ ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆದು ತಡೆದು ಕೇಳಿದ, "ಅವಳು ಅಷ್ಟು ದಿನ ಕರೆದಳಲ್ಲ, ಗುರುಗಳೇ. ಅವನು ಓಗೊಟ್ಟದ್ದು ತಪ್ಪೇ?"

"ಕರೆದಳೆಂದು ಯಾರು ಹೇಳಿದರು? ‘ಹೊರಟೆ, ನನ್ನನ್ನು ಬಿಡು’ ಎನ್ನುತ್ತಿದ್ದಳು," ಎಂದರು ಗುರುಗಳು.