ಭಾವ ಭಾವಮೈದರ ನಡುವಿನ ಗೋಡೆ

ನನಗೆ ಬರೆದು ಅಭ್ಯಾಸವಿಲ್ಲ. ಈ ಕತೆಯನ್ನು ಹೇಳಿದವರು ಕೆಲವೇ ಮಾತಿನಲ್ಲಿ ಹೇಳಿದರು. ನಾನು ಬರೆಯಲು ಕೂತರೆ ಅದು ಉದ್ದವಾಗುತ್ತಿದೆ. ಯಾರಿಗಾದರೂ ಅರ್ಥವಾಗದೆ ಹೋದರೆ ಎಂಬ ಹೆದರಿಕೆಯಿಂದ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಓದುವವರು ಮನ್ನಿಸಬೇಕು.

ಪ್ರಶ್ನೆ ನನ್ನದು.

“ಮೇಷ್ಟ್ರೇ, ಭೂಮಿಯ ಪದರಗಳು, ಸರಿಯುವ ಭೂಫಲಕಗಳು, ಈ ಪಾಠವೆಲ್ಲ ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಯಾಕೆ? ನಮ್ಮ ಸೀಮೆಯಲ್ಲಿ ನೆಲ ಅಲುಗಿದ್ದನ್ನು ಅವರ ಅಜ್ಜಿಯರೂ ಕಂಡಿಲ್ಲ. ತಿಳಿಯದೆ ಹೋದರೆ ಅವರಿಗೆ ಏನು ನಷ್ಟ?”

ಕೇಳಿದ್ದು ತಿಪ್ಪೇಸ್ವಾಮಿ ಮೇಷ್ಟ್ರನ್ನು. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮಂಥ ವಿಜ್ಞಾನ ಶಿಕ್ಷಕರಿಗೆ ಪಾಠ ಮಾಡುವ ಬಗೆಯನ್ನು ಕಲಿಸುವವರು ಅವರು. ಉತ್ತರವಾಗಿ ಅವರು ಒಂದು ಕತೆ ಹೇಳಿದರು.

ದೂರದ ಬೆಟ್ಟಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಹೊಲದ ಪಕ್ಕದ ಹೊಲ ಅವನ ಹೆಂಡತಿಯ ತಮ್ಮನದು. ಎರಡು ಹೊಲಗಳ ನಡುವೆ ಗಡಿಕಲ್ಲುಗಳ ಒಂದು ಸಾಲು. ಸಾಲಿನ ಮೇಲಿನ ತುದಿಯಲ್ಲಿ ಒಂದು ಬಂಡೆ, ಕೆಳಗಿನ ತುದಿಯಲ್ಲಿ ಒಂದು ಮರ.

ಆ ಊರಲ್ಲಿ ಒಂದು ಪದ್ಧತಿ. ಪ್ರತಿವರ್ಷ ಮೊದಲ ಉಳುಮೆಗೆ ಮುಂಚೆ ಎರಡೂ ಮನೆಯವರು ಸೇರಿ ಬಂಡೆಯಿಂದ ಮರದವರೆಗೆ ಹಗ್ಗ ಬಿಗಿದು ಹಿಡಿಯಬೇಕು. ಹಗ್ಗದ ಗೆರೆ ತಪ್ಪಿದ ಕಲ್ಲನ್ನು ಕಿತ್ತು, ಗೆರೆಗೆ ಸರಿಯಾಗಿ ನೆಡಬೇಕು. ಆಮೇಲೆ ಅರಿಸಿನ ಹಚ್ಚಿ ಕಾಯಿ ಒಡೆಯಬೇಕು.

ಪ್ರತಿವರ್ಷವೂ ಕೆಲವು ಕಲ್ಲುಗಳು ಗೆರೆ ತಪ್ಪಿರುತ್ತಿದ್ದವು. ಬಂಡೆಯ ಕಡೆಯ ಕಲ್ಲುಗಳು ಭಾವಮೈದನ ಹೊಲದೊಳಕ್ಕೆ ಸರಿದಿರುತ್ತಿದ್ದವು. ಮರದ ಕಡೆಯವು ರೈತನ ಹೊಲದೊಳಕ್ಕೆ ಸರಿದಿರುತ್ತಿದ್ದವು. ಅಂದರೆ ನಷ್ಟ ಇಬ್ಬರಿಗೂ ಸಮನಾಗಿತ್ತು. ಆದರೆ ಇಬ್ಬರೂ ತಂತಮ್ಮ ಹೊಲ ಕಡಿಮೆಯಾದ ಕಡೆಯನ್ನೇ ನೋಡಿದರು. ಇನ್ನೊಂದು ಕಡೆ ತಮ್ಮ ಹೊಲ ಹೆಚ್ಚಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ವರ್ಷ ಹಗ್ಗ ಹಿಡಿದಾಗಲೇ ಮಾತು ಬಂತು.

“ಭಾವ, ಅಕ್ಕನನ್ನು ಕೊಟ್ಟಾಗ ಕೊಡಬೇಕಾದದ್ದೆಲ್ಲ ಕೊಟ್ಟಿದ್ದೆವು. ಹೊಲವನ್ನೂ ಹೀಗೆ ಕಂತಿನಲ್ಲಿ ತಗೊಳ್ತೀರಿ ಅಂತ ಗೊತ್ತಿರಲಿಲ್ಲ” ಎಂದ ಭಾವಮೈದ.

“ಮರದ ಹತ್ತಿರ ಹೋಗಿ ನೋಡು. ಅಲ್ಲಿ ಕಲ್ಲಿಗೇ ಕಾಲು ಬಂದಿದೆ. ನಿನ್ನ ಎತ್ತಿನ ಹಿಂದೆ ಹೋಗಿತ್ತೇನೋ, ಕೇಳು” ಎಂದ ರೈತ.

ಆಳುಗಳು ನಕ್ಕರು. ಅವರಿಬ್ಬರು ನಗಲಿಲ್ಲ. ರೈತನ ಕೈ ಸೊಂಟದ ಕುಡುಗೋಲಿಗೆ ಹೋಯಿತು. ಹಿರಿಯರು ನಡುವೆ ಬಂದು ತೀರ್ಮಾನ ಮಾಡಿದರು. ಕಲ್ಲನ್ನು ಯಾರು ಬೇಕಾದರೂ ಸರಿಸಬಹುದು, ಗೋಡೆಯನ್ನು ಸರಿಸಲಾಗದು. ಆದ್ದರಿಂದ ಹಗ್ಗದ ಗೆರೆಯ ಮೇಲೆಯೇ ಇಬ್ಬರೂ ಸೇರಿ ಒಂದು ಗೋಡೆ ಕಟ್ಟಬೇಕು.

ಆಳದ ಪಾಯ ತೆಗೆದು, ಕಲ್ಲು ಮತ್ತು ಗಾರೆಯಿಂದ ಕಟ್ಟಿದರು. ಈ ತುದಿಯಲ್ಲಿ ನಿಂತು ನೋಡಿದರೆ ಆ ತುದಿಯವರೆಗೆ ಒಂದೇ ಗೆರೆ. ಗೋಡೆ ಮುಗಿದ ದಿನ ರೈತ ಹೆಂಡತಿಗೆ ಹೇಳಿದ: “ನಿನ್ನ ತಮ್ಮ ತಪ್ಪು ಒಪ್ಪಿಕೊಳ್ಳುವವರೆಗೆ ನೀನು ಆ ಕಡೆ ಕಾಲಿಡಬೇಡ. ಇಟ್ಟರೆ ಅಲ್ಲೇ ಇರು. ಮಕ್ಕಳು ಇಲ್ಲಿರುತ್ತವೆ.”

ಆ ಕಡೆಯ ಮನೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಳು.

ಚಳಿಗಾಲದಲ್ಲಿ ತಾಯಿಗೆ ಕಾಯಿಲೆ ಜೋರಾಯಿತು. ಭಾವಮೈದ ಗೋಡೆಯವರೆಗೆ ಬಂದ. ದಾಟಲಿಲ್ಲ.

“ಭಾವ, ಅವ್ವ ಅಕ್ಕನ ಹೆಸರು ಹಿಡಿದು ಕರೀತಿದ್ದಾಳೆ. ಇವತ್ತೊಂದು ದಿನ ಕಳಿಸಿ.”

“ಕಳಿಸ್ತೀನಿ. ಕಲ್ಲು ಸರಿಸಿದ್ದು ನಾನೇ ಅಂತ ಹೇಳು. ಇಲ್ಲೇ, ಈ ಆಳುಗಳ ಮುಂದೆ.”

“ಮಾಡದ್ದನ್ನು ಹೇಗೆ ಹೇಳಲಿ?”

“ಹಾಗಾದರೆ ನಾನು ಮಾಡಿದೆ ಅಂತಲೇ?”

ಭಾವಮೈದ ತಿರುಗಿ ಹೋದ. ಅವನ ಮನಸ್ಸಿನಲ್ಲಿದ್ದದ್ದು ಅದೇ. ಇದನ್ನು ನಾನು ಬಿಡಿಸಿ ಹೇಳಬೇಕು: ಇಬ್ಬರಲ್ಲಿ ಒಬ್ಬನೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರೂ ಕಲ್ಲನ್ನು ಮುಟ್ಟಿರಲಿಲ್ಲ. ಆದ್ದರಿಂದಲೇ ಒಬ್ಬೊಬ್ಬನಿಗೂ ಇನ್ನೊಬ್ಬನೇ ಕಳ್ಳ ಎಂಬುದು ಅಷ್ಟು ಖಚಿತವಾಗಿತ್ತು.

ಹೆಂಡತಿ ಸೀರೆಯ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಗಂಡ ತಿರುಗಿ ಬಂದ. ಅವಳ ಮುಖ ನೋಡದೆ ಒಳಗೆ ಹೋದ. ಅವಳು ಮಲಗಿದ್ದ ಮಕ್ಕಳನ್ನು ನೋಡಿದಳು. ಗಂಟು ಕೆಳಗಿಟ್ಟಳು.

ಮರುದಿನ ಗೋಡೆಯ ಆ ಕಡೆಯಿಂದ ಅಳು ಕೇಳಿಸಿತು. ಆಗ ಗಂಡ, “ಹೋಗಿ ಬಾ” ಎಂದ. ಅವಳು ಬಂಡೆಯನ್ನು ಸುತ್ತಿಕೊಂಡು ಹೋದಳು. ಮಣ್ಣಾದ ಮೇಲೆ ತಿರುಗಿ ಬಂದಳು. ಅಂದಿನಿಂದ ಅವಳು ಗಂಡನೊಂದಿಗೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು.

ಮತ್ತೆ ಮೊದಲ ಉಳುಮೆಯ ಕಾಲ ಬಂತು. ಈ ಸಲ ಹಗ್ಗ ಹಿಡಿಯುವ ಕೆಲಸವಿರಲಿಲ್ಲ. ರೈತ ಗೋಡೆಯ ಈ ಕಡೆಯಿಂದ ಬಂದ, ಭಾವಮೈದ ಆ ಕಡೆಯಿಂದ ಬಂದ. ಇಬ್ಬರೂ ಒಂದೇ ಜಾಗದಲ್ಲಿ ನಿಂತರು.

ಗೋಡೆ ನಡುವೆ ಸೀಳಿತ್ತು. ಬಂಡೆಯ ಕಡೆಯ ಅರ್ಧ ಭಾವಮೈದನ ಹೊಲದ ಕಡೆಗೂ ಮರದ ಕಡೆಯ ಅರ್ಧ ರೈತನ ಹೊಲದ ಕಡೆಗೂ ಚಾಚಿತ್ತು. ಸೀಳಿನಲ್ಲಿ ಎರಡರ ನಡುವೆ ಒಂದು ಹೆಬ್ಬೆರಳಿನಷ್ಟು ವ್ಯತ್ಯಾಸ. ರೈತ ಬಗ್ಗಿ ಹಾರೆಯ ಗುರುತಿಗಾಗಿ ಹುಡುಕಿದ. ಇರಲಿಲ್ಲ. ಸೀಳು ಬಿಟ್ಟರೆ ಬೇರೆಲ್ಲೂ ಗಾರೆ ಕಿತ್ತಿರಲಿಲ್ಲ. ಎರಡು ಅರ್ಧಗಳೂ ಪಾಯದ ಸಮೇತ ಸರಿದಿದ್ದವು. ಇಡೀ ಊರು ಸೇರಿ ತಳ್ಳಿದರೂ ಹಾಗೆ ಸರಿಸಲಾಗದು.

“ಭಾವ, ಇದನ್ನು ನಾನು…”

“ಗೊತ್ತು” ಎಂದ ರೈತ.

ಉಳುವವರಿಗೆ ಅಂಬಲಿ ತಂದಿದ್ದ ಹೆಂಡತಿ ಮಡಕೆ ಇಳಿಸಿ, ಆ ಸೀಳಿನ ಮೇಲೆ ಕೈ ಆಡಿಸಿದಳು. ಮೊದಲು ಗಂಡನನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು.

“ಹಾಗಾದರೆ ಅವತ್ತು ನನ್ನನ್ನು ತಡೆದದ್ದು ಯಾಕೆ?”



ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ನನಗೆ ಸಮಾಧಾನವಾಗಲಿಲ್ಲ. “ಗೋಡೆಯನ್ನು ಸರಿಸಿದ್ದು ಏನು?” ಎಂದು ಕೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ವೃತ್ತ ಬರೆದರು. “ಒಳಗೆ ತಿರುಳು. ಅದರ ಸುತ್ತ ಮ್ಯಾಂಟಲ್. ಅದು ನೀರಲ್ಲ, ಬಂಡೆಯೇ. ಆದರೆ ಕಾವಿಗೆ ಬಹಳ ನಿಧಾನವಾಗಿ ಹರಿಯುತ್ತದೆ. ಎಲ್ಲಕ್ಕಿಂತ ಮೇಲೆ ತೊಗಟೆ. ತೊಗಟೆ ಮತ್ತು ಅದಕ್ಕೆ ಅಂಟಿಕೊಂಡ ಗಟ್ಟಿ ಮ್ಯಾಂಟಲ್ ಸೇರಿ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿವೆ. ಎರಡು ಫಲಕಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುವ ಕಡೆ ನೆಲದಲ್ಲಿ ಬಿರುಕಿರುತ್ತದೆ. ಆ ಹೊಲಗಳು ಅಂಥ ಬಿರುಕಿನ ಮೇಲಿದ್ದವು, ಬಿರುಕು ಗೋಡೆಗೆ ಅಡ್ಡವಾಗಿ ಹಾದುಹೋಗಿತ್ತು. ಕೆಲವು ಕಡೆ ನೆಲ ಹೀಗೆ ಸದ್ದಿಲ್ಲದೆ ಸರಿಯುತ್ತದೆ. ಇನ್ನು ಕೆಲವು ಕಡೆ ಸಿಕ್ಕಿಹಾಕಿಕೊಂಡು, ಬಿಗಿ ಹೆಚ್ಚಾಗಿ, ಒಂದು ದಿನ…”

“ಸಾರ್, ಪಕ್ಕದ ಕೋಣೆಯ ಶಿಕ್ಷಕರು ಆಗಲೇ ಬಂದು ಕೂತಿದ್ದಾರೆ. ನೀವು ಬರಬೇಕಂತೆ” ಎಂದು ಬಾಗಿಲಲ್ಲಿ ಯಾರೋ ಕರೆದರು.

ಮೇಷ್ಟ್ರು ಅರ್ಧ ಗೆರೆಯನ್ನು ಹಾಗೆಯೇ ಬಿಟ್ಟು ಸೀಮೆಸುಣ್ಣ ಇಟ್ಟರು. ಬಾಗಿಲವರೆಗೆ ಹೋಗಿ ನನ್ನ ಕಡೆ ತಿರುಗಿದರು.

“ನೆಲ ಸರಿಯುವುದೇ ಇಲ್ಲ ಎಂದು ನಂಬಿದವನಿಗೆ, ಕಲ್ಲು ಸರಿದ ದಿನ, ಒಬ್ಬ ಕಳ್ಳ ಬೇಕೇ ಬೇಕಾಗುತ್ತಾನೆ, ನೀಲಮ್ಮ.”