ಅಜ್ಜಾರಿಗೆ ಹೇಳಿದ ಪಟಗಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿತ್ತು. ಮಠ ಅಂದ ಕೂಡಲೇ ದೊಡ್ಡ ಬಾಗಿಲು, ಆನೆ, ಪಲ್ಲಕ್ಕಿ ಅಂತೆಲ್ಲ ಅಂದುಕೊಳ್ಳಬೇಡಿ. ಒಂದು ಪಡಸಾಲೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಅಷ್ಟೇ ಇದ್ದದ್ದು.

ಅಲ್ಲಿದ್ದವರು ಚರಂತಯ್ಯಜ್ಜಾರು. ಸುತ್ತಲಿನ ಊರವರಿಗೆ ಬರೀ ಅಜ್ಜಾರು.

ಅಜ್ಜಾರು ಪ್ರವಚನ ಹೇಳುತ್ತಿರಲಿಲ್ಲ. ಬಂದವರ ಮಾತು ಕೇಳುತ್ತಿದ್ದರು, ಅದೂ ಪೂರ್ತಿ ಕೇಳುತ್ತಿದ್ದರು. ಪೂರ್ತಿ ಕೇಳುವವರು ಎಲ್ಲಿ ಸಿಗುತ್ತಾರೆ ಹೇಳಿ. ಜನ ಅದಕ್ಕೇ ಬರುತ್ತಿದ್ದರು.

ಆ ವರ್ಷ ಅಜ್ಜಾರ ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಬೆಳಕು ಯಾವ ಕಡೆ, ನೆರಳು ಯಾವ ಕಡೆ, ಇಷ್ಟು ಮಾತ್ರ ತಿಳಿಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಮಾಡೋಣ ಅಂತ ಡಾಕ್ಟರು ಹೇಳಿದ್ದರು.

ಒಂದು ಭಾನುವಾರ ಮುಂಜಾನೆ ಶಿವಲೀಲಾ ಬಂದಳು. ಪಟ್ಟಣದಲ್ಲಿ ಅವಳ ಅಣ್ಣನ ಔಷಧಿ ಅಂಗಡಿ. ಕೌಂಟರಿನ ಹಿಂದೆ ನಿಂತು ಚೀಟಿ ನೋಡಿ ಗುಳಿಗೆ ಕೊಡುವುದು ಅವಳ ಕೆಲಸ. ಫ್ರಾಕು ಹಾಕುವ ವಯಸ್ಸಿನಿಂದಲೂ ಅಜ್ಜಾರ ಹತ್ತಿರ ಬಂದು ಕೂತು ಬೆಳೆದವಳು.

ಅವಳು ಹೆಗಲಿನ ಚೀಲವನ್ನು ಇಳಿಸಿ ಅಜ್ಜಾರ ಮುಂದೆ ಇಟ್ಟಳು.

"ಇದನ್ನ ಮಠದಾಗ ಇಟ್ಟಕೊಳ್ರಿ, ಅಜ್ಜಾರ. ನನಗ ಇನ್ನ ಬ್ಯಾಡ."

"ಏನಿದು? ಮಲಗಿದ ಕೂಸನ್ನ ಇಟ್ಟಂಗ ಇಟ್ಟಿ."

"ಕ್ಯಾಮೆರಾ ರೀ."

ಅಜ್ಜಾರು ಏನಾಯಿತು ಅಂತ ಕೇಳಿದರು. ಶಿವಲೀಲಾ ಹೇಳಿದಳು. ಎಷ್ಟೋ ವರ್ಷದಿಂದ ಅವಳಿಗೆ ಪಟ ತೆಗೆಯುವ ಹುಚ್ಚು. ರಜೆ ಬಂತೆಂದರೆ ನಸುಕಿನಲ್ಲೇ ಎದ್ದು ಹೊಳೆಗೆ ಓಡುತ್ತಿದ್ದಳು. ಪಟ್ಟಣದಲ್ಲಿ ಫೋಟೋ ಪ್ರದರ್ಶನ ಮಾಡುತ್ತಾರೆ ಅಂತ ತಿಳಿದು, ತನ್ನವುಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ ಕೊಟ್ಟು ಬಂದಿದ್ದಳು.

ಪ್ರದರ್ಶನದ ದಿನ ಹೋಗಿ ನೋಡಿದರೆ ಗೋಡೆಯ ಮೇಲೆ ಅವಳದು ಒಂದೂ ಇರಲಿಲ್ಲ. ಆಯ್ಕೆಯಾಗದ್ದು ಮೇಜಿನ ಮೇಲೆ ರಾಶಿ ಬಿದ್ದಿದೆ, ನಿಮ್ಮದು ನೋಡಿ ತಗೊಂಡು ಹೋಗಿ ಅಂತ ಅಲ್ಲಿದ್ದವರು ಅಂದರು. ಅದಕ್ಕೆ ಅವಳು ಬೇಸರಪಟ್ಟುಕೊಳ್ಳಲಿಲ್ಲ. ರಾಶಿಯ ಮುಂದೆ ನಿಂತಳು. ಎಲ್ಲದರಲ್ಲೂ ಹುಟ್ಟುವ ಸೂರ್ಯ, ಎಲ್ಲದರಲ್ಲೂ ಹರಗೋಲು, ನೀರಿನಲ್ಲಿ ಗುಡಿಯ ನೆರಳು.

"ಹಿಂದ ಬರೆದ ಹೆಸರು ನೋಡೂತನಕ ನನ್ನವು ಯಾವು ಅಂತ ನನಗ ಗುರುತು ಹತ್ತಲಿಲ್ರಿ," ಅಂದಳು.

ಅಜ್ಜಾರು ಸಮಾಧಾನ ಹೇಳಲಿಲ್ಲ. ಚೀಲವನ್ನು ಕೈಯಿಂದ ಸವರಿ ನೋಡಿ, ಅವಳ ಕಡೆಗೆ ಸರಿಸಿದರು.

"ನಾ ಒಂದನ್ನೂ ನೋಡಿಲ್ಲ. ನೋಡದ ಹ್ಯಾಂಗ ಇಟ್ಟಕೊಳ್ಳಲಿ? ಕಣ್ಣು ಬರಲಿ, ನೋಡಿ ಹೇಳತೀನಿ. ಅಲ್ಲೀತನಕ ಭಾನುವಾರಕ್ಕೊಂದು ಪಟ ತಂದು ನನಗ ಹೇಳು."

"ಪಟ ಹೇಳೂದಂದ್ರ?"

"ಕಣ್ಣು ಕಾಣದವಗ ಇನ್ನೇನ ಮಾಡತಿ?"

ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಆದರೆ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಳು. ಕಣ್ಣು ಬಂದ ದಿನ ಅಜ್ಜಾರು ನೋಡುತ್ತಾರೆ. ಆಗಲೂ ಇವು ಎಲ್ಲರ ಪಟದಂತೆಯೇ ಕಂಡರೆ, ಚೀಲವನ್ನು ಅಲ್ಲೇ ಬಿಟ್ಟು ಬರುವುದು. ಮತ್ತೆ ಮುಟ್ಟುವ ಮಾತಿಲ್ಲ.

ಮುಂದಿನ ಭಾನುವಾರ ಬಂದು ಹೇಳಿದಳು. ಸೂರ್ಯ ಹುಟ್ಟುತ್ತಿದ್ದಾನೆ, ಹೊಳೆ ಕೆಂಪಗಾಗಿದೆ, ನಡುವೆ ಒಂದು ಹರಗೋಲು.

"ನೋಡೀನಿ," ಅಂದರು ಅಜ್ಜಾರು.

ಅದರ ಮುಂದಿನ ವಾರ ಗುಡಿಯ ಗೋಪುರ ನೀರಿನಲ್ಲಿ ಮೂಡಿದ್ದನ್ನು ಹೇಳಿದಳು.

"ಅದನ್ನೂ ನೋಡೀನಿ."

ಹಾರಲು ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯನ್ನು ಹೇಳಿದಳು. ಅದನ್ನೂ ನೋಡಿದ್ದರಂತೆ.

ಕಣ್ಣು ಕಾಣದವರು ನೋಡೀನಿ ನೋಡೀನಿ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅಜ್ಜಾರ ಮುಂದೆ ತೋರಿಸುವಂತಿಲ್ಲ. ಅಡುಗೆಮನೆಗೆ ಹೋಗಿ ಗುರುಪಾದಯ್ಯನ ಮುಂದೆ ತೋರಿಸಿದಳು. ಗುರುಪಾದಯ್ಯ ಮಠದ ಅಡುಗೆ, ಕಸ, ಬಾಗಿಲು ಎಲ್ಲ ನೋಡಿಕೊಳ್ಳುವವನು. ಅಜ್ಜಾರ ಜೊತೆಯಲ್ಲೇ ಮುದುಕನಾದವನು. ಅವನು ಅವಳಿಗೆ ಒಂದು ಬಟ್ಟಲು ಚಹಾ ಕೊಟ್ಟ.

ಇನ್ನೊಂದು ಭಾನುವಾರ ಅವಳು ತಡವಾಗಿ ಬಂದಳು. ಬಸ್ಸು ತಪ್ಪಿತು ಅಂದಳು. ಹೇಗೆ ತಪ್ಪಿತು ಅಂತ ಅಜ್ಜಾರು ಕೇಳಿದರು.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬಾಕೆ ಬಳೆ ಇಡುತ್ತಿದ್ದಳಂತೆ. ಮುಂದೆ ಕೂತ ಹುಡುಗಿಯ ಕೈ ದಪ್ಪ, ಆರಿಸಿಕೊಂಡ ಬಳೆ ಸಣ್ಣದು. ಬಳೆಗಾರ್ತಿ ಆ ಕೈಯನ್ನು ಹಿಟ್ಟು ನಾದಿದಂತೆ ನಾದುತ್ತಾ, ನಿನ್ನ ಅತ್ತೆ ಎಂಥಾಕೆ, ಗಂಡ ಮಾತಾಡುತ್ತಾನೋ ಬರೀ ಹೂಂ ಅನ್ನುತ್ತಾನೋ ಅಂತ ಕೇಳುತ್ತಿದ್ದಳು. ಹುಡುಗಿಗೆ ನಗು ಬಂತು. ನಕ್ಕ ಆ ಗಳಿಗೆಯಲ್ಲೇ ಬಳೆಗಾರ್ತಿ ಹೆಬ್ಬೆರಳಿನಿಂದ ಗೆಣ್ಣು ಒತ್ತಿ ಬಳೆಯನ್ನು ದಾಟಿಸಿಬಿಟ್ಟಳು. ಹುಡುಗಿಗೆ ಗೊತ್ತೇ ಆಗಲಿಲ್ಲ.

"ಮತ್ತ ಅಷ್ಟು ಮಂದಿಗೆ ಬಳಿ ಇಡೂ ಆಕಿ ಕೈಯಾಗ ಒಂದೂ ಬಳಿ ಇರಲಿಲ್ರಿ," ಅಂದಳು ಶಿವಲೀಲಾ. "ನಾ ಅದನ್ನ ನೋಡಕೋತ ನಿಂತೆ. ಬಸ್ಸು ಹೋತು."

ಅಜ್ಜಾರ ಕೈಯಲ್ಲಿದ್ದ ಚಹಾ ಕೆನೆಗಟ್ಟಿತ್ತು.

"ಆ ಪಟ ಎಲ್ಲಿ?"

"ತಗೀಲಿಲ್ರಿ. ಅದರಾಗ ಏನೈತಿ? ಬರೇ ಕೈ."

"ಪಟದಾಗ ಇದ್ದದ್ದನ್ನ ಒಂದ ಮಾತಿನಾಗ ಮುಗಸತಿ. ಇಲ್ಲದ್ದನ್ನ ಹೇಳಾಕ ಹತ್ತಿದರ ನನ್ನ ಚಹಾ ಆರತೈತಿ."

ಅಷ್ಟು ಹೇಳಿ, ಚಹಾ ಬಿಸಿ ಮಾಡಲು ಗುರುಪಾದಯ್ಯನನ್ನು ಕೂಗಿದರು.

ಶಿವಲೀಲಾ ಜಾಣೆ. ಜಾಣರು ಬೇಗ ತಿಳಿದುಕೊಳ್ಳುತ್ತಾರೆ, ಬೇಗ ತಪ್ಪಾಗಿಯೂ ತಿಳಿದುಕೊಳ್ಳುತ್ತಾರೆ. ಅಜ್ಜಾರಿಗೆ ಕೈ ಬೇಕು ಅಂದುಕೊಂಡಳು. ತನ್ನ ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿಯನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕಪ್ಪು ಬಟ್ಟೆಯ ಮೇಲೆ ಕೈ ಚಾಚಿಸಿ ಪಟ ತೆಗೆದಳು. ಭಾನುವಾರ ಬಂದು ಒಂದೊಂದು ಸುಕ್ಕನ್ನೂ ಬಣ್ಣಿಸಿ ಹೇಳಿದಳು. ಬಹಳ ಚೆನ್ನಾಗಿ ಹೇಳಿದಳು.

"ಆ ಕೈ ಏನ ಮಾಡತಿತ್ತು?" ಅಂತ ಅಜ್ಜಾರು ಕೇಳಿದರು.

"ಏನೂ ಇಲ್ರಿ. ಹಂಗ ಇಡು ಅಂತ ನಾನ ಹೇಳಿದ್ದೆ."

"ಹಂಗಾರ ಇದನ್ನೂ ನೋಡೀನಿ."

ಅವತ್ತು ಅವಳು ಚಹಾ ಕುಡಿಯದೆ ಹೋದಳು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಕ್ಯಾಮೆರಾ ಚೀಲವನ್ನು ಅಂಗಡಿಯ ಕೌಂಟರಿನ ಕೆಳಗೆ ತುರುಕಿ, ತನ್ನ ಕೆಲಸಕ್ಕೆ ನಿಂತಳು.

ಕೌಂಟರಿನ ಹಿಂದಿನಿಂದ ಲೋಕ ಹೇಗೆ ಕಾಣುತ್ತದೆ ಅಂತ ನಾವು ಯಾರೂ ಯೋಚಿಸುವುದಿಲ್ಲ. ಮೊದಲು ಬರುವುದು ಚೀಟಿ. ಆಮೇಲೆ ಚೀಟಿ ಹಿಡಿದ ಕೈ. ಮುಖ ಕೊನೆಗೆ, ಅದೂ ಪುರಸೊತ್ತಿದ್ದರೆ. ಇಷ್ಟು ವರ್ಷ ಅವಳು ದಿನವಿಡೀ ಕೈಗಳನ್ನೇ ನೋಡಿದ್ದಳು. ಯಾರ ಮನೆಯಲ್ಲಿ ಜ್ವರ ಇಳಿದಿಲ್ಲ, ಯಾರು ರಾತ್ರಿ ಮಲಗಿಲ್ಲ, ಕೈ ನೋಡಿದರೆ ಅವಳಿಗೆ ತಿಳಿಯುತ್ತಿತ್ತು. ಅದನ್ನು ನೋಡುವುದು ಅನ್ನುತ್ತಾರೆ ಅಂತ ಮಾತ್ರ ಅವಳಿಗೆ ಎಂದೂ ಹೊಳೆದಿರಲಿಲ್ಲ. ಅದು ಅಂಗಡಿ ಕೆಲಸ ಅಂದುಕೊಂಡಿದ್ದಳು.

ಆ ವಾರ ಕಾಯಿಪಲ್ಲೆ ಮಾರುವ ದ್ಯಾಮವ್ವ ಬಂದಳು. ಅವಳಿಗೆ ಓದಲು ಬಾರದು. ಇದು ಮುಂಜಾನೆಗೆ, ಇದು ರಾತ್ರಿಗೆ ಅಂತ ಶಿವಲೀಲಾ ಹೇಳುತ್ತಿದ್ದಂತೆ, ದ್ಯಾಮವ್ವ ಮುಂಜಾನೆಯ ಗುಳಿಗೆಯನ್ನು ಸೆರಗಿನ ಒಂದು ತುದಿಗೆ ಗಂಟು ಹಾಕಿಕೊಂಡಳು, ರಾತ್ರಿಯದನ್ನು ಇನ್ನೊಂದು ತುದಿಗೆ. ಗಂಟು ಬಿಗಿಯುವ ಬೆರಳುಗಳಲ್ಲಿ ಮೆಂತ್ಯಸೊಪ್ಪಿನ ಮಣ್ಣು ಇನ್ನೂ ಇತ್ತು.

ಶಿವಲೀಲಾ ಬಗ್ಗಿ ಕೌಂಟರಿನ ಕೆಳಗೆ ಕೈ ಹಾಕಿದಳು. ಒಂದು ಪಟ ತೆಗೆಯಲೇ ಅಂತ ಕೇಳಿದಳು. ತಗೋ ಅಂದಳು ದ್ಯಾಮವ್ವ, ಗಂಟು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಿಂದೆ ನಿಂತ ಗಿರಾಕಿಗಳು ಗೊಣಗಿದರು. ಮರೆತೀನು ಅಂತ ಶಿವಲೀಲಾ ಗುಳಿಗೆ ಹಾಕಿಕೊಡುವ ಕಾಗದದ ಕವರಿನ ಮೇಲೆ ನಾಲ್ಕು ಸಾಲು ಗೀಚಿಟ್ಟುಕೊಂಡಳು.

ಭಾನುವಾರ ಆ ಕವರನ್ನು ಅಜ್ಜಾರಿಗೆ ಓದಿದಳು. ಓದಿ ಮುಗಿಸಿ, ನೋಡೀನಿ ಅನ್ನುವ ಮಾತಿಗೆ ಕಾದು ಕೂತಳು.

"ಆಮ್ಯಾಲ?" ಅಂದರು ಅಜ್ಜಾರು.

ಕಥೆ ಕೇಳುವ ಮಕ್ಕಳು ಆಡುವ ಮಾತು ಅದು. ಶಿವಲೀಲಾಗೆ ಎಷ್ಟು ಸಂತೋಷವಾಯಿತೆಂದರೆ ಆಮೇಲೆ ಏನಾಯಿತೆಂದು ಅವಳಿಗೇ ನೆನಪಾಗಲಿಲ್ಲ.

ಅಲ್ಲಿಂದ ವಾರ ವಾರವೂ ಪಟ ಬಂತು, ಅದರ ಜೊತೆ ಕವರೂ ಬಂತು. ಕೈತುಂಬ ಮದರಂಗಿ ಹಚ್ಚಿಕೊಂಡು ತಲೆನೋವಿನ ಗುಳಿಗೆ ಕೇಳಿದ ಮದುವಣಿಗ. ಮೊಮ್ಮಗಳ ಔಷಧಿ ಬಾಟಲಿಯನ್ನು ಬಸ್ಸಿನ ನೂಕುನುಗ್ಗಲಿಗೆ ಹೆದರಿ ಎರಡೂ ಕೈಯಲ್ಲಿ ಅವುಚಿಕೊಂಡ ಪೈಲ್ವಾನ. ಬರೆಯುವುದು ನಾಲ್ಕು ಸಾಲಿಗೆ ನಿಲ್ಲಲಿಲ್ಲ. ಕವರಿನ ಹಿಂದೆ ಮುಂದೆ ತುಂಬಿತು. ಅಂಗಡಿಯ ಕವರೆಲ್ಲ ಮಠಕ್ಕೆ ಹೋಗುತ್ತಿವೆ, ಗಿರಾಕಿಗಳಿಗೆ ಗುಳಿಗೆಯನ್ನು ಜೇಬಿಗೆ ಸುರಿಯಬೇಕಾಗಿದೆ ಅಂತ ಅಣ್ಣ ಛೇಡಿಸಿದ.

ಸಂಕ್ರಾಂತಿ ಕಳೆಯಿತು. ಆಪರೇಷನ್ ದಿನ ಬಂತು.

ಜೀಪಿನಲ್ಲಿ ಅಜ್ಜಾರ ಪಕ್ಕ ಗುರುಪಾದಯ್ಯ ಕೂತ, ಎದುರಿಗೆ ಶಿವಲೀಲಾ. ದಾರಿಯುದ್ದಕ್ಕೂ ಅಜ್ಜಾರು ಎಲ್ಲರನ್ನೂ ನಗಿಸುತ್ತಿದ್ದರು. ಕಣ್ಣು ಬಂದರೆ ಗುರುಪಾದಯ್ಯನ ಅಡುಗೆ ಕಾಣುತ್ತದಲ್ಲ, ಅದೊಂದೇ ಚಿಂತೆ ಅಂದರು. ಡ್ರೈವರ್ ಕೂಡ ನಕ್ಕ.

ಶಿವಲೀಲಾ ನಗುತ್ತಲೇ ಕೆಳಗೆ ನೋಡಿದಳು. ಅಜ್ಜಾರ ಬಲಗೈ ಗುರುಪಾದಯ್ಯನ ಟವೆಲ್ಲಿನ ತುದಿಯನ್ನು ಹಿಡಿದುಕೊಂಡಿತ್ತು. ಸಂತೆಯಲ್ಲಿ ಮಗು ತಾಯಿಯ ಸೆರಗು ಹಿಡಿದಂತೆ, ಮುಷ್ಟಿ ಕಟ್ಟಿ ಹಿಡಿದುಕೊಂಡಿತ್ತು.

ಎಲ್ಲರೂ ಬಂದು ಕಾಲು ಮುಟ್ಟುವ ಅಜ್ಜಾರು. ಅವರ ಮೇಲೆ ಅವಳಿಗೆ ಭಕ್ತಿ ಮೊದಲಿನಿಂದಲೂ ಇತ್ತು. ಅವತ್ತು ಇದ್ದಕ್ಕಿದ್ದಂತೆ ಬಹಳ ಪ್ರೀತಿ ಬಂತು. ಯೋಚಿಸುವ ಮೊದಲೇ ಪಟ ತೆಗೆದಿದ್ದಳು. ಗುರುಪಾದಯ್ಯ ಅದನ್ನು ನೋಡಿದ.

ಅದನ್ನು ಅವಳು ಅಜ್ಜಾರಿಗೆ ಹೇಳಲಿಲ್ಲ. ಅದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಕದ್ದ ಹಾಗೆ ಅನಿಸಿ, ಅಂಗಡಿಯಲ್ಲಿ ತೆಗೆದ ಪಟಗಳ ಲಕೋಟೆಯ ತಳಕ್ಕೆ ಸೇರಿಸಿಟ್ಟಳು.

ಡಾಕ್ಟರು ಇನ್ನು ಕಣ್ಣಿಗೆ ತೊಂದರೆಯಿಲ್ಲ ಅಂದ ಮೇಲೆ ಬಂದ ಭಾನುವಾರ ಶಿವಲೀಲಾ ಮಠಕ್ಕೆ ಹೋದಳು. ಹೆಗಲಲ್ಲಿ ಕ್ಯಾಮೆರಾ ಚೀಲ, ಕೈಯಲ್ಲಿ ಲಕೋಟೆ. ಅಜ್ಜಾರು ಪಡಸಾಲೆಯಲ್ಲಿ ಕೂತು ಬೇವಿನ ಮರವನ್ನು ನೋಡುತ್ತಿದ್ದರು. ಗುರುಪಾದಯ್ಯನನ್ನು ಆಗಲೇ ನೋಡಿ, ಇಷ್ಟು ಮುದುಕ ಯಾವಾಗ ಆದಿ ಅಂತ ಕೇಳಿ ಆಗಿತ್ತಂತೆ.

ಅವಳು ಚೀಲವನ್ನು ಅವರ ಮುಂದೆ ಇಟ್ಟಳು.

ಅಜ್ಜಾರು ಗುರುಪಾದಯ್ಯನಿಗೆ ಏನೋ ಹೇಳಿದರು. ಅವನು ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದ. ಹೊಳೆ ನೋಡಲು ಬಂದ ಭಕ್ತರು ವರ್ಷಗಳಿಂದ ಮಠಕ್ಕೆ ಕೊಟ್ಟು ಹೋದ ಪಟಗಳು. ಶಿವಲೀಲಾ ನೋಡುತ್ತಿದ್ದಂತೆಯೇ ಅವಳ ಕೈಯಿಂದ ಲಕೋಟೆ ತೆಗೆದುಕೊಂಡು, ಪೂರಾ ಅದರಲ್ಲಿ ಸುರಿದು, ಎಲ್ಲವನ್ನೂ ಕಲಸಿಬಿಟ್ಟ.

ಮೇಜಿನ ಮೇಲಿನ ಆ ರಾಶಿಯೇ ಮತ್ತೆ ಎದುರಿಗೆ ಬಂದಂತಾಯಿತು. ತಳದಲ್ಲಿದ್ದ ಜೀಪಿನ ಪಟವೂ ಅದರಲ್ಲೇ ಹೋಯಿತು ಅಂತ ಅವಳಿಗೆ ಆಮೇಲೆ ನೆನಪಾಯಿತು.

ಅಜ್ಜಾರು ಒಂದೊಂದಾಗಿ ಎತ್ತಿ ನೋಡತೊಡಗಿದರು. ಸೂರ್ಯ ಹುಟ್ಟುವುದನ್ನು ಎಡಕ್ಕೆ ಇಟ್ಟರು. ಹರಗೋಲನ್ನೂ ಎಡಕ್ಕೆ ಇಟ್ಟರು. ಗೋಪುರವೂ ಎಡಕ್ಕೆ ಹೋಯಿತು. ಆಮೇಲೆ ಒಂದನ್ನು ಅವಳ ಮಡಿಲಿಗೆ ಹಾಕಿದರು. ದ್ಯಾಮವ್ವನ ಗಂಟು. ಮದುವಣಿಗ ಬಂದ. ಪೈಲ್ವಾನ ಬಂದ. ಒಂದೂ ತಪ್ಪಲಿಲ್ಲ.

ಹೇಳಿದ್ದು ನೆನಪಿದೆ, ಅದಕ್ಕೇ ಸಿಗುತ್ತಿವೆ, ಅದರಲ್ಲಿ ನನ್ನದೇನು ದೊಡ್ಡದು ಅಂತ ಶಿವಲೀಲಾ ತನಗೆ ತಾನೇ ಹೇಳಿಕೊಂಡಳು.

ಅಜ್ಜಾರು ಒಂದು ಪಟ ಎತ್ತಿದವರು ಅಲ್ಲೇ ತಡೆದರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಅದನ್ನೂ ಅವಳ ಮಡಿಲಿಗೆ ಹಾಕಿದರು.

"ಇದನ್ನ ನಾ ನಿಮಗ ಹೇಳೇ ಇಲ್ರಿ," ಅಂದಳು.

"ಹೇಳಿಲ್ಲ. ಯಾರ ಕೈ ಇದು, ತಂಗಿ? ಪಾಪ, ಬಾಳ ಅಂಜೇತಿ."

ಗುರುಪಾದಯ್ಯ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬೆನ್ನ ಹಿಂದೆ ಮರೆಮಾಡಿದ. ಯಾರೋ ಗಿರಾಕಿಯದು ಅಂದುಬಿಡಬಹುದಿತ್ತು. ಶಿವಲೀಲಾಗೆ ಆಗಲಿಲ್ಲ.

"ನಿಮ್ಮದ ರೀ, ಅಜ್ಜಾರ. ದವಾಖಾನಿಗೆ ಹೋಗೂ ದಿನದ್ದು."

ಅಜ್ಜಾರು ಬಲಗೈಯನ್ನು ಪಟದ ಪಕ್ಕದಲ್ಲಿ ಹಿಡಿದರು. ಕೈ ನೋಡಿದರು, ಪಟ ನೋಡಿದರು.

ಆಮೇಲೆ ಕ್ಯಾಮೆರಾ ಚೀಲವನ್ನು ಮೆಲ್ಲಗೆ ಎತ್ತಿ ಅವಳ ಮಡಿಲಲ್ಲಿ, ಪಟಗಳ ಮೇಲೆ ಇಟ್ಟರು.

"ನನ್ನ ಕೈ ನನಗ ಗುರುತು ಹತ್ತಲಿಲ್ಲ ನೋಡು," ಅಂದರು. "ಪಟ ನಿಂದು ಅನ್ನೂದು ಹತ್ತಿತು."